ನಾಲ್ಕನೇ ಜ್ವರ ಇಳಿದ ಮೇಲೆ

ಹುಳುಮನೆಗೆ ಒಂದು ಸದ್ದು ಇದೆ. ಸಾವಿರಾರು ರೇಷ್ಮೆ ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು. ದೂರದ ಕಣದಲ್ಲಿ ಯಾರೋ ಒಣಗಿದ ರಾಗಿ ಹುಲ್ಲನ್ನು ಮೆಲ್ಲಗೆ ತುಳಿಯುತ್ತಿರುವ ಹಾಗೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಲ್ಲಿ ಹುಟ್ಟಿದವರ ಕಿವಿಯಲ್ಲಿ ಈ ಸದ್ದು ಹುಟ್ಟಿನಿಂದಲೇ ಕೂತಿರುತ್ತದೆ. ಅದು ನಿಂತಾಗಲೇ ಅದು ಇತ್ತೆಂಬುದು ನಮಗೆ ಗೊತ್ತಾಗುವುದು. ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಮನೆ ಪೂರ್ತಿ ನಿಶ್ಶಬ್ದವಾಗುತ್ತದೆ.

ಅಂಥ ಒಂದು ದಿನ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಒಂಬತ್ತು ವರ್ಷ ದುಡಿದ ಕಂಪನಿ ಮೂರು ತಿಂಗಳ ಹಿಂದೆ ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿತ್ತು. ಊರಿನ ಗಾಳಿಯಲ್ಲಿ ನಾಲ್ಕು ದಿನ ಇರಲಿ ಎಂದು ಅಕ್ಕ ಕಳಿಸಿದ್ದಳು. ಹುಳುಮನೆಯ ಬಾಗಿಲಲ್ಲಿ ನಿಂತು ನೋಡಿದ. ಸೊಪ್ಪು ಹರಡಿದ ಹಾಸಿಗೆಯ ತುಂಬ ಹುಳುಗಳು ತಲೆ ಎತ್ತಿ ಅಲುಗಾಡದೆ ನಿಂತಿದ್ದವು. ಚರ್ಮ ಬಿಗಿದು ಮಿರಿಮಿರಿ ಮಿಂಚುತ್ತಿತ್ತು.

"ಎಲ್ಲ ಸತ್ತುಹೋಗಿವೆಯಾ ಮಾಮ?" ಎಂದ.

ಸುಣ್ಣದ ಪುಡಿ ಉದುರಿಸುತ್ತಿದ್ದ ನನ್ನ ತಮ್ಮ ತಲೆ ಎತ್ತಿ, "ಇಲ್ಲಪ್ಪ, ಜ್ವರಕ್ಕೆ ಕೂತಿವೆ. ನಾಳೆ ಮಧ್ಯಾಹ್ನದ ಹೊತ್ತಿಗೆ ಏಳುತ್ತವೆ" ಎಂದ.

ಸುಖ ದುಃಖ ಬಂದುಹೋಗುವಂಥವು, ನಿತ್ಯವಾದುದನ್ನು ನೆಚ್ಚು ಎಂಬ ಮಾತನ್ನು ನಾವೆಲ್ಲರೂ ಹರಿಕಥೆಯಲ್ಲಿ, ಮಠದಲ್ಲಿ, ಸಾವಿನ ಮನೆಯಲ್ಲಿ ಕೇಳಿದ್ದೇವೆ. ಕೇಳಿ ಕೇಳಿ ಅದರ ಅರ್ಥವೇ ಸವೆದುಹೋಗಿದೆ. ನಾನು ಸಂಸ್ಕೃತ ಓದಿದವನು, ರೇಷ್ಮೆ ಬೆಳೆಯುವ ಮನೆಯವನು. ಆ ಹುಡುಗನಿಗೆ ಅಂದು ಸಂಜೆ ಬಿಡಿಸಿ ಹೇಳಲು ಯತ್ನಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜ್ವರದ ವಿಷಯ. ನಮ್ಮ ಕಡೆ ರೈತರು ಜ್ವರ ಎನ್ನುವುದು ಹುಳು ಪೊರೆ ಬಿಡುವ ಕಾಲವನ್ನು. ಮೊಟ್ಟೆಯೊಡೆದು ಬಂದ ಹುಳು ಸುಮಾರು ಇಪ್ಪತ್ತೈದು ದಿನಗಳಲ್ಲಿ ಹತ್ತು ಸಾವಿರ ಪಟ್ಟು ತೂಕ ಬೆಳೆಯುತ್ತದೆ. ಮೈ ಬೆಳೆದಷ್ಟು ಚರ್ಮ ಬೆಳೆಯುವುದಿಲ್ಲ. ಆದ್ದರಿಂದ ನಾಲ್ಕು ಸಲ ಊಟ ಬಿಟ್ಟು, ತಲೆ ಎತ್ತಿ, ಒಂದು ದಿನ ಅಥವಾ ಅದಕ್ಕಿಂತ ತುಸು ಹೆಚ್ಚು ಹೊತ್ತು ಕದಲದೆ ಇದ್ದು, ಹಳೆಯ ಚರ್ಮ ಕಳಚಿ ಹೊಸ ಚರ್ಮದಲ್ಲಿ ಹೊರಬರುತ್ತದೆ. ಇದಕ್ಕೆ ಔಷಧಿ ಬೇಡ. ಸೊಪ್ಪು ಹಾಕುವುದನ್ನು ನಿಲ್ಲಿಸಬೇಕು, ಹಾಸಿಗೆ ಒಣಗಿರುವಂತೆ ಸುಣ್ಣ ಹಾಕಬೇಕು, ಕಾಯಬೇಕು.

ಆದರೆ ಹುಳುವಿಗೆ ನಿಜವಾದ ರೋಗಗಳೂ ಇವೆ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟುರೋಗ. ಇವು ಕಾದರೆ ಹೋಗುವುದಿಲ್ಲ. ಸಪ್ಪೆ ಹೊಡೆದ ಹುಳುವೂ ಸೊಪ್ಪು ಬಿಟ್ಟು ಸುಮ್ಮನೆ ಬಿದ್ದಿರುತ್ತದೆ. ಅದನ್ನು ಜ್ವರವೆಂದು ತಿಳಿದು ಕೈಕಟ್ಟಿ ಕೂತರೆ ಇಡೀ ಹಾಸಿಗೆ ಹೋಗುತ್ತದೆ. ಜ್ವರವನ್ನು ರೋಗವೆಂದು ಬೆದರಿ ಸೊಪ್ಪು ತುರುಕಿದರೂ ಬೆಳೆ ಕೆಡುತ್ತದೆ. ಹುಳು ಸಾಕುವವನ ವಿದ್ಯೆಯ ಅರ್ಧ ಭಾಗ ಈ ಎರಡನ್ನು ಬೇರೆ ಮಾಡಿ ನೋಡುವುದರಲ್ಲಿದೆ. ಇದನ್ನು ಇಲ್ಲೇ ಹೇಳಿಡುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಈಗ ಮಾತಿನ ಮೂಲಕ್ಕೆ ಬರುತ್ತೇನೆ. ಭಗವದ್ಗೀತೆಯ ಎರಡನೇ ಅಧ್ಯಾಯದ 14ನೇ ಶ್ಲೋಕ ಹೀಗಿದೆ:

ಮಾತ್ರಾಸ್ಪರ್ಶಾಸ್ತು ಕೌಂತೇಯ ಶೀತೋಷ್ಣಸುಖದುಃಖದಾಃ
ಆಗಮಾಪಾಯಿನೋಽನಿತ್ಯಾಸ್ತಾಂಸ್ತಿತಿಕ್ಷಸ್ವ ಭಾರತ

ಮಾತ್ರಾ ಎಂದರೆ ಇಂದ್ರಿಯಗಳು. ಲೋಕವನ್ನು ಯಾವುದರಿಂದ ಅಳೆದುಕೊಳ್ಳುತ್ತೇವೆಯೋ ಅವು. ಸ್ಪರ್ಶ ಎಂದರೆ ಅವು ವಿಷಯಗಳನ್ನು ಮುಟ್ಟುವುದು. ಈ ಮುಟ್ಟುವಿಕೆಯಿಂದ ಚಳಿ ಸೆಕೆ, ಸುಖ ದುಃಖ ಹುಟ್ಟುತ್ತವೆ. ಅವು ಆಗಮಾಪಾಯಿಗಳು. ಈ ಪದ ನೋಡಿ: ಕನ್ನಡದಲ್ಲಿ ಅಪಾಯ ಎಂದರೆ ಗಂಡಾಂತರ. ಶ್ಲೋಕದಲ್ಲಿ ಅದಕ್ಕೆ ಹೊರಟುಹೋಗುವುದು ಎಂದರ್ಥ. ಆಗಮ, ಅಪಾಯ, ಬರುವುದು, ಹೋಗುವುದು. ಯಾವುದರ ಸ್ವಭಾವವೇ ಬಂದು ಹೋಗುವುದೋ ಅದು ಆಗಮಾಪಾಯಿ. ಸುಖ ನಮ್ಮ ಮೇಲೆ ಮುನಿದು ಹೊರಡುವುದಿಲ್ಲ, ದುಃಖ ನಮ್ಮ ಪೂಜೆಗೆ ಒಲಿದು ತೊಲಗುವುದೂ ಇಲ್ಲ. ಮುಟ್ಟಿದ್ದರಿಂದ ಹುಟ್ಟಿದ್ದು ಮುಟ್ಟುವಿಕೆ ತಪ್ಪಿದಾಗ ಇಲ್ಲವಾಗುತ್ತದೆ.

ಚಳಿ ಸೆಕೆ ಎಂದ ಮೇಲೆ ಸುಖ ದುಃಖ ಎಂದು ಬೇರೆ ಏಕೆ ಹೇಳಬೇಕಿತ್ತು ಎಂಬ ಪ್ರಶ್ನೆಗೆ ಶಂಕರರ ಭಾಷ್ಯ ಕೊಡುವ ಉತ್ತರ ನನಗೆ ಬಹಳ ಇಷ್ಟ. ಚಳಿ ಒಮ್ಮೆ ಸುಖ, ಒಮ್ಮೆ ದುಃಖ, ಸೆಕೆಯೂ ಹಾಗೆಯೇ. ಅವುಗಳಿಗೆ ಗೊತ್ತಾದ ಸ್ವರೂಪವಿಲ್ಲ. ಸುಖವಾದರೋ ಎಂದಿಗೂ ಸುಖವೇ, ದುಃಖ ಎಂದಿಗೂ ದುಃಖವೇ. ಅದಕ್ಕಾಗಿ ಅವನ್ನು ಬೇರೆ ಎಣಿಸಿದ್ದಾರೆ ಎನ್ನುತ್ತಾರೆ ಅವರು. ಧನುರ್ಮಾಸದ ನಸುಕಿನಲ್ಲಿ ನಂದಿಬೆಟ್ಟದ ಮೇಲೆ ನಿಂತವರನ್ನು ನೆನೆದುಕೊಳ್ಳಿ. 1,478 ಮೀಟರ್ ಎತ್ತರದ ಆ ಮಂಜಿಗಾಗಿಯೇ ಅವರು ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದಿರುತ್ತಾರೆ. ಅದೇ ಹೊತ್ತಿಗೆ ಬೆಟ್ಟದ ಕೆಳಗೆ ನನ್ನ ತಮ್ಮನಂಥವರು ಹುಳುಮನೆಯ ಸಂದುಗಳಿಗೆ ಗೋಣಿ ತುರುಕಿ, ಇದ್ದಿಲೊಲೆ ಹಚ್ಚಿ, ಕಾವು 25 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಸಾಕಪ್ಪ ಎಂದು ಕೂತಿರುತ್ತಾರೆ. ಚಳಿ ಒಂದೇ. ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಭಯ. ಹಾಗಾದರೆ ಸುಖ ಚಳಿಯಲ್ಲಿ ಇರಲಿಲ್ಲ. ಅದು ಯಾರಿಗೆ, ಯಾವಾಗ, ಯಾವ ನಿರೀಕ್ಷೆಯ ಮೇಲೆ ಬಂದು ತಗಲಿತು ಎಂಬುದರಲ್ಲಿ ಇತ್ತು.

ಇಷ್ಟು ಹೇಳಿದಾಗ ನನ್ನ ಅಕ್ಕನ ಮಗ ಒಂದು ಮಾತು ಕೇಳಿದ. "ಮೂರು ತಿಂಗಳಿಂದ ಎಲ್ಲರೂ ಇದನ್ನೇ ಹೇಳುತ್ತಿದ್ದಾರೆ ಮಾಮ, ಇದೂ ಕಳೆಯುತ್ತದೆ ಎಂದು. ಒಳ್ಳೆಯದೂ ಕಳೆಯುತ್ತದಲ್ಲ? ನಾನೂ ಕಳೆಯುತ್ತೇನಲ್ಲ? ಇದರಲ್ಲಿ ಸಮಾಧಾನ ಎಲ್ಲಿದೆ?"

ಅವನ ಪ್ರಶ್ನೆ ನ್ಯಾಯವಾದದ್ದು. ಎಲ್ಲವೂ ಕಳೆಯುತ್ತದೆ ಎಂಬುದು ಅರ್ಧ ಮಾತು. ಅರ್ಧವನ್ನೇ ಪೂರ್ತಿ ಎಂದು ಹಂಚುತ್ತಾ ಬಂದಿದ್ದೇವೆ. ಹುಳುವಿನ ಕಥೆಯನ್ನೇ ತೆಗೆದುಕೊಳ್ಳಿ. ನಾಲ್ಕು ಜ್ವರವೂ ಇಳಿಯುತ್ತವೆ. ಆಮೇಲೆ ಹುಳು ಹಣ್ಣಾಗುತ್ತದೆ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗೆ ಏರುತ್ತದೆ, ಎರಡು ಮೂರು ದಿನ ಬಿಡುವಿಲ್ಲದೆ ನೂಲು ಸುತ್ತಿ ಗೂಡು ಕಟ್ಟುತ್ತದೆ. ಆ ಗೂಡು ಮಾರುಕಟ್ಟೆಗೆ ಹೋಗಿ, ಅಲ್ಲಿಂದ ನೂಲು ಬಿಚ್ಚುವವರ ಬಿಸಿನೀರಿನ ತೊಟ್ಟಿಗೆ ಹೋಗುತ್ತದೆ. ಒಳಗಿರುವ ಜೀವ ಹೊರಗೆ ಬರುವುದೇ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಇದೇ ತೆರಣಿಯ ಹುಳುವನ್ನು ಕಂಡು, ತನ್ನ ನೂಲೇ ತನ್ನನ್ನು ಸುತ್ತಿ ಸಾಯುವ ಈ ಜೀವದಂತೆ ನನ್ನ ಆಸೆ ನನ್ನನ್ನು ಸುಡುತ್ತಿದೆ ಎಂದು ಚೆನ್ನಮಲ್ಲಿಕಾರ್ಜುನನಿಗೆ ಮೊರೆಯಿಟ್ಟಳು. ನಮ್ಮ ಹೊಟ್ಟೆ ತುಂಬುವುದು ಈ ಹುಳುವಿನಿಂದ. ಹಾಗಾಗಿ ನಾನು ಆ ವಚನವನ್ನು ಒಂದೇ ಉಸಿರಿಗೆ ಓದಿ ಮುಗಿಸಲಾರೆ. ಜ್ವರ ಇಳಿಯಿತು ಎಂಬ ಮಾತ್ರಕ್ಕೆ ಹುಳು ಉಳಿಯಲಿಲ್ಲ ಎಂಬುದು ನಮಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ಗೀತೆಯಲ್ಲಿ ಆ ಶ್ಲೋಕ ಒಂಟಿಯಾಗಿ ನಿಂತಿಲ್ಲ. ಅದರ ಹಿಂದಿನದು, 13ನೆಯದು, ಬಾಲ್ಯ ಯೌವನ ಮುಪ್ಪು ಒಂದಾದ ಮೇಲೊಂದು ಬಂದರೂ ದೇಹದಲ್ಲಿರುವವನು ಅವನೇ ಎನ್ನುತ್ತದೆ. 15ನೆಯದು ಈ ಬಂದುಹೋಗುವಿಕೆಯಿಂದ ಕದಡದವನು ಅಮೃತತ್ವಕ್ಕೆ ಯೋಗ್ಯ ಎನ್ನುತ್ತದೆ. 16ನೆಯದು ಇಲ್ಲದ್ದಕ್ಕೆ ಇರುವಿಕೆ ಇಲ್ಲ, ಇರುವುದಕ್ಕೆ ಇಲ್ಲದಿರುವಿಕೆ ಇಲ್ಲ ಎಂದು ಮುಗಿಸುತ್ತದೆ. ಬಂದುಹೋಗುವುದರ ಮಾತು ಎರಡು ಕಡೆಯೂ ಉಳಿಯುವುದರ ಮಾತಿನ ನಡುವೆ ಕೂತಿದೆ. ಆ ಎರಡು ಕಡೆಯನ್ನು ಕತ್ತರಿಸಿ ನಡುವಿನದನ್ನಷ್ಟೇ ನೊಂದವರ ಕೈಗಿಟ್ಟರೆ ಅದು ಬರೀ ಕೈ.

ಉಳಿಯುವುದು ಯಾವುದು ಎಂಬಲ್ಲಿಗೆ ಹೋಗುವ ಮುನ್ನ ಸುಖದ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ದುಃಖ ಕಳೆಯುತ್ತದೆ ಎಂದರೆ ಎಲ್ಲರೂ ತಲೆದೂಗುತ್ತಾರೆ, ಸುಖ ಕಳೆಯುತ್ತದೆ ಎಂದರೆ ಅಪಶಕುನ ನುಡಿದಂತೆ ನೋಡುತ್ತಾರೆ.

ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತ ಸಾವಿನಾಚೆಗಿನ ಗುಟ್ಟು ಕೇಳಿದಾಗ ಯಮ ಅದರ ಬದಲು ಆನೆ, ಕುದುರೆ, ಹೊನ್ನು, ಭೂಮಿ, ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳನ್ನು ಕೊಡಲು ಬರುತ್ತಾನೆ. ನಚಿಕೇತ ಅವನ್ನೆಲ್ಲ ಒಂದೇ ಪದದಲ್ಲಿ ನಿರಾಕರಿಸುತ್ತಾನೆ: ಶ್ವೋಭಾವಾಃ. ನಾಳೆ ಇವೆಯೋ ಇಲ್ಲವೋ ಎಂಬಂಥವು. ಈ ಪದಕ್ಕೆ ನಮ್ಮ ಜಿಲ್ಲೆಗಳ ರೈತರಿಗೆ ವ್ಯಾಖ್ಯಾನ ಬೇಕಿಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಹೊಲಕ್ಕೆ ರಾತ್ರಿ ಕಾವಲು ಹಾಕಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ದರ ನೆಲಕಚ್ಚಿತು.

ನಚಿಕೇತ ಅಲ್ಲಿಗೆ ನಿಲ್ಲಿಸುವುದಿಲ್ಲ. ಇವು ಇಂದ್ರಿಯಗಳ ತೇಜಸ್ಸನ್ನು ಸವೆಸುತ್ತವೆ ಎಂದೂ ಹೇಳುತ್ತಾನೆ. ಇದು ಬೇರೆಯೇ ಮಾತು, ಹೆಚ್ಚು ಸೂಕ್ಷ್ಮವಾದದ್ದು. ಸುಖ ಹೋಗುತ್ತದೆ ಎಂಬುದಷ್ಟೇ ತೊಂದರೆಯಾಗಿದ್ದರೆ ಇನ್ನೊಂದನ್ನು ತರಬಹುದಿತ್ತು. ದೊಡ್ಡ ಸುಖ ಹೋಗುವಾಗ ಸಣ್ಣ ಸುಖಗಳ ರುಚಿಯನ್ನೂ ಕೊಂಡೊಯ್ಯುತ್ತದೆ. 1978ರಲ್ಲಿ ಅಮೆರಿಕದ ಮೂವರು ಮನೋವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನವಿದೆ. ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನರನ್ನೂ ಅವರಂಥದೇ ಬಡಾವಣೆಗಳ ಸಾಮಾನ್ಯ ಜನರನ್ನೂ ಅವರು ಮಾತನಾಡಿಸಿದರು. ಗೆದ್ದವರು ಉಳಿದವರಿಗಿಂತ ಗಮನಾರ್ಹವಾಗಿ ಹೆಚ್ಚು ಸುಖಿಗಳಾಗಿರಲಿಲ್ಲ. ಬೆಳಗಿನ ತಿಂಡಿ, ಸ್ನೇಹಿತನೊಡನೆ ಹರಟೆ, ಇಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಡಿಮೆಯಾಗಿತ್ತು. ಸಣ್ಣ ಅಧ್ಯಯನ. ಆದರೂ ನಚಿಕೇತನ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಕ್ಕಿಲ್ಲ.

ಅದೇ ಅಧ್ಯಯನದಲ್ಲಿ ಅಪಘಾತದಿಂದ ಕೈಕಾಲಿನ ಸ್ವಾಧೀನ ಕಳೆದುಕೊಂಡ 29 ಜನರೂ ಇದ್ದರು. ಅವರು ನಾವು ಊಹಿಸುವಷ್ಟು ಕುಸಿದಿರಲಿಲ್ಲ. ಹಾಗೆಂದು ಉಳಿದವರ ಸಮಕ್ಕೂ ಬಂದಿರಲಿಲ್ಲ. ಇದನ್ನು ಮುಚ್ಚಿಟ್ಟು, ಎಲ್ಲ ದುಃಖವೂ ತಾನಾಗಿ ಮಾಯುತ್ತದೆ ಎಂದು ಹೇಳುವವರ ಮೇಲೆ ನನಗೆ ಕೋಪವಿದೆ. ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಎಲ್ಲ ಅನಿತ್ಯವಮ್ಮ ಎನ್ನುವುದು ಉಪದೇಶವಲ್ಲ, ಕ್ರೌರ್ಯ. ಅನಿತ್ಯದ ವಿಚಾರ ನನ್ನ ಸುಖದ ಮೇಲೆ ನಾನು ಹಿಡಿದುಕೊಳ್ಳಬೇಕಾದ ದೀಪ. ಇನ್ನೊಬ್ಬರ ಗಾಯಕ್ಕೆ ತಾಗಿಸುವ ಕೊಳ್ಳಿ ಅಲ್ಲ.

ಶ್ಲೋಕದ ಕೊನೆಯಲ್ಲಿ ಬರುವ ತಿತಿಕ್ಷೆ, ಅಂದರೆ ಸಹಿಸುವುದು, ಎಂಬ ಪದಕ್ಕೂ ಇದೇ ಗತಿ ಬಂದಿದೆ. ಸಹಿಸಿಕೊ ಎಂದರೆ ಎಲ್ಲದಕ್ಕೂ ತಲೆಬಾಗು ಎಂದು ಅರ್ಥ ಮಾಡಿದ್ದಾರೆ. ವಿವೇಕಚೂಡಾಮಣಿ ಎಂಬ ಗ್ರಂಥದಲ್ಲಿ ಪ್ರತೀಕಾರವಿಲ್ಲದೆ, ಚಿಂತೆ ವಿಲಾಪಗಳಿಲ್ಲದೆ ಸಹಿಸುವುದೇ ತಿತಿಕ್ಷೆ ಎಂಬ ಲಕ್ಷಣವೇನೋ ಇದೆ. ಅದು ಎಲ್ಲ ಬಿಟ್ಟು ಮೋಕ್ಷಕ್ಕೆ ಹೊರಟವನಿಗೆ ಹೇಳಿದ್ದು. ಗೀತೆಯಲ್ಲಿ ಕೃಷ್ಣ ತಿತಿಕ್ಷಸ್ವ ಎಂದದ್ದು ಬಿಲ್ಲು ಕೆಳಗಿಟ್ಟು ಕೂತವನಿಗೆ, ಎದ್ದು ಕೆಲಸ ಮಾಡು ಎನ್ನುವ ಪ್ರಕರಣದಲ್ಲಿ. ಸಂಸಾರಿಗಳಾದ ನಮಗೆ ದಾರಿ ತೋರುವುದು ಹುಳುಮನೆಯ ವಿವೇಕ: ಜ್ವರವಾದರೆ ಕಾಯಿ, ರೋಗವಾದರೆ ಮದ್ದು ಮಾಡು. ಕೂಲಿ ಕೊಡದ ಧಣಿ, ಹೊಡೆಯುವ ಗಂಡ, ಲಂಚ ಕೇಳುವ ಕಚೇರಿ, ಇವು ರೋಗಗಳು. ಇವನ್ನು ಆಗಮಾಪಾಯಿ ಎಂದು ಸಹಿಸಲು ಹೇಳುವವರಿಗೆ ಶ್ಲೋಕದ ಬೆಂಬಲವಿಲ್ಲ.

ಸರಿ, ಉಳಿಯುವುದು ಯಾವುದು? ನಿತ್ಯಾನಿತ್ಯವಸ್ತುವಿವೇಕ, ಅಂದರೆ ಉಳಿಯುವುದು ಹೋಗುವುದನ್ನು ಬೇರೆ ಮಾಡಿ ಅರಿಯುವುದು, ವೇದಾಂತದ ಸಾಧನೆಗಳಲ್ಲಿ ಮೊದಲ ಮೆಟ್ಟಿಲು. ಇದರ ಮುಂದೆ ಉತ್ತರಗಳು ಕವಲೊಡೆಯುತ್ತವೆ. ಅದ್ವೈತ ಹೇಳುವುದು: ಸುಖ ಬಂದದ್ದನ್ನು ಬಲ್ಲವನು, ಅದು ಹೋದದ್ದನ್ನೂ ಬಲ್ಲವನು ಒಬ್ಬನೇ. ಹೋದ ಸುಖದ ಜೊತೆ ಅವನೂ ಹೋಗಿದ್ದರೆ ಹೋಯಿತು ಎಂದು ಹೇಳಲು ಯಾರೂ ಇರುತ್ತಿರಲಿಲ್ಲ. ಆ ಸಾಕ್ಷಿಯೇ ನೀನು. ಮಾಧ್ವರು ಇದನ್ನು ಒಪ್ಪುವುದಿಲ್ಲ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಬೃಂದಾವನಸ್ಥರಾದ ಶ್ರೀಪಾದರಾಜರು, ಕನ್ನಡದಲ್ಲಿ ಹಾಡು ಕಟ್ಟಿ ಹದಿನೈದನೇ ಶತಮಾನದಲ್ಲಿ ಹರಿದಾಸರಿಗೆ ದಾರಿ ಹಾಕಿಕೊಟ್ಟವರು, ಆ ಪರಂಪರೆಯವರೇ. ಅವರ ಮತದಲ್ಲಿ ಅನಿತ್ಯ ಎಂದರೆ ಸುಳ್ಳು ಎಂದಲ್ಲ. ಜಗತ್ತು ಸತ್ಯ, ಸುಖ ದುಃಖ ಸತ್ಯ, ಆದರೆ ಅವು ಸ್ವತಂತ್ರವಲ್ಲ. ಸ್ವತಂತ್ರ ಹರಿಯೊಬ್ಬನೇ, ನೆಚ್ಚಬೇಕಾದದ್ದು ಅವನನ್ನು. ಬುದ್ಧನಾದರೆ ಉಳಿಯುವ ಆತ್ಮ ಎಂಬುದನ್ನೇ ಒಪ್ಪಲಿಲ್ಲ. ಹಿಡಿಯುವ ಕೈಯೇ ಸಡಿಲವಾಗಲಿ ಎಂದ. ಕೈವಾರದ ತಾತಯ್ಯ ಊರೂರು ತಿರುಗಿ ಬಳೆ ಮಾರುತ್ತಿದ್ದವರು. ಒಡೆಯುವ ಸರಕನ್ನು ಹೊತ್ತು ನಡೆದವರು ಒಡೆಯದ್ದನ್ನು ಹುಡುಕಲು ಕೂತರು. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಯಾರ ಉತ್ತರ ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಒಂದು ಮಾತ್ರ ಕಾಣುತ್ತದೆ: ಇವರಲ್ಲಿ ಯಾರೂ ಸುಖದುಃಖ ಬಾರದಂತೆ ಮಾಡುವ ಉಪಾಯ ಹೇಳಿಲ್ಲ. ಅವು ಬಂದಾಗ ಅವುಗಳ ಕೈಗೆ ತಕ್ಕಡಿ ಕೊಡಬೇಡ ಎಂದಿದ್ದಾರೆ.

ತಕ್ಕಡಿ ಎಂದದ್ದು ಬೇಕೆಂದೇ. ನಿತ್ಯಕ್ಕೆ ಬೆಲೆ ಕೊಡುವುದು ಎಂಬುದು ಪೂಜೆಯ ಕೋಣೆಯಲ್ಲಿ ಮಾತ್ರ ನಡೆಯುವ ಕೆಲಸವಲ್ಲ. ಇವತ್ತಿನ ಲಾಭನಷ್ಟ ನೋಡಿ ಯಾವುದನ್ನು ಬದಲಿಸುತ್ತೇನೆ, ಯಾವುದನ್ನು ಬದಲಿಸುವುದಿಲ್ಲ ಎಂಬಲ್ಲಿ ಅದು ಬಯಲಿಗೆ ಬರುತ್ತದೆ. 2019ರ ಜನವರಿ 21ರಂದು ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು ಶಿವೈಕ್ಯರಾದಾಗ, ಅವರ ಇಚ್ಛೆಯಂತೆ, ಮಕ್ಕಳ ಮಧ್ಯಾಹ್ನದ ಊಟವಾದ ಮೇಲೆ ಸುದ್ದಿಯನ್ನು ಪ್ರಕಟಿಸಿದರು ಎಂದು ಪತ್ರಿಕೆಗಳು ಬರೆದವು. ಸಾವಿರಾರು ಮಕ್ಕಳು, ದಿನವೂ ದಾಸೋಹ. ಸ್ವಾಮಿಗಳು ಹೋದರು, ಸಾರು ತಣ್ಣಗಾಗಲಿಲ್ಲ. ಈ ಸುದ್ದಿ ಓದಿದ ದಿನ ನಾನು ಶಾಲೆಯಲ್ಲಿ ಪಾಠ ಮಾಡಲಾಗಲಿಲ್ಲ.

ನಮ್ಮಪ್ಪನ ಲೆಕ್ಕದ ಪುಸ್ತಕವೊಂದು ನನ್ನ ಬಳಿ ಇದೆ. ಉದ್ದನೆಯದು, ಕೆಂಪು ರಟ್ಟು, ಅಂಚಿನಲ್ಲಿ ಹುಳುಮನೆಯ ಸುಣ್ಣ ಮೆತ್ತಿಕೊಂಡಿದೆ. ಒಂದೊಂದು ಬೆಳೆಗೆ ಒಂದು ಸಾಲು: ಚಾಕಿ, ಅಂದರೆ ಎಳೆ ಹುಳು, ತಂದ ತಾರೀಕು, ನಾಲ್ಕು ಜ್ವರದ ತಾರೀಕು, ಚಂದ್ರಿಕೆಗೆ ಬಿಟ್ಟ ದಿನ, ಗೂಡಿನ ತೂಕ, ದರ. ಸಾಲಿನ ಕೊನೆಗೆ ಎರಡು ಪದ, ಕೂಲಿ ಕೊಟ್ಟಾಯಿತು. ದರ ಏರಿದ ವರ್ಷಗಳಿವೆ. ಆ ಸಾಲಿನ ಅಕ್ಷರ ದೊಡ್ಡದಾಗಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳೆ ಪೂರ್ತಿ ಹೋಯಿತು. ಗುಂಡಿ ತೋಡಿ ಬುಟ್ಟಿಗಟ್ಟಲೆ ಹುಳು ಸುರಿದದ್ದು, ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದ ವಾಸನೆ, ಅಮ್ಮ ಹಿತ್ತಲಿನಲ್ಲಿ ಅತ್ತದ್ದು ನನಗೆ ನೆನಪಿದೆ. ಆ ಸಾಲಿನಲ್ಲಿ ಹೀಗಿದೆ: "ಸಪ್ಪೆ ರೋಗ. ಮುಚ್ಚಿದೆವು. ಕೂಲಿ ಕೊಟ್ಟಾಯಿತು." ಅಮ್ಮನ ಕಿವಿಯ ಓಲೆ ಗಿರವಿಗೆ ಹೋದದ್ದು ಅದೇ ವಾರ. ಅಪ್ಪ ಯಾವ ಗ್ರಂಥವನ್ನೂ ಓದಿದವರಲ್ಲ. ಸೊಪ್ಪು ಕೊಯ್ದವರ ಕೂಲಿ ಗೂಡಿನ ದರಕ್ಕೆ ಕಟ್ಟಿದ್ದಲ್ಲ ಎಂದು ಅವರಿಗೆ ಗೊತ್ತಿತ್ತು, ಅಷ್ಟೇ.

ಸಾಕ್ಷಿ ಎಂದರೇನು ಎಂದು ಕೇಳಿದವರಿಗೆ ಹಿಂದೆಲ್ಲ ನಾನು ಈ ಪುಸ್ತಕ ತೋರಿಸುತ್ತಿದ್ದೆ, ಲಾಭ ನಷ್ಟ ಎರಡನ್ನೂ ಹೊತ್ತು ತಾನು ಹಾಗೇ ಇರುವ ಹಾಳೆಯಂತೆ ಎಂದು. ಈಗ ತೋರಿಸುವುದಿಲ್ಲ. ಕೊನೆಯ ಪುಟಗಳಲ್ಲಿ ಅಪ್ಪನ ಕೈ ನಡುಗಿದೆ, ಅಕ್ಷರ ಗೆರೆ ತಪ್ಪಿದೆ. ಹಾಳೆಗೆ ಗೆದ್ದಲು ಹಿಡಿಯುತ್ತಿದೆ. ಉಪಮೆಗಳೂ ಆಗಮಾಪಾಯಿಗಳೇ. ಆದರೆ ನಡುಗುವ ಕೈಯೂ ಸಾಲಿನ ಕೊನೆಗೆ ಅದೇ ಮಾತನ್ನು ಬರೆದಿದೆ.

ಆ ಪುಸ್ತಕವನ್ನು ಅಂದು ರಾತ್ರಿ ಅಕ್ಕನ ಮಗನ ಕೈಗೆ ಕೊಟ್ಟು ಮಲಗಿದೆ. ಬೆಳಿಗ್ಗೆ ಅವನು ಅದರ ವಿಷಯ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ತಮ್ಮ ಹಾಸಿಗೆಯ ಮೇಲೆ ಬಗ್ಗಿ ನೋಡಿ, ಎದ್ದಿವೆ, ಇನ್ನೂ ನೂರಕ್ಕೆ ಐದು ಬಾಕಿ ಇವೆ, ಅವೂ ಏಳಲಿ ಎಂದು ಮತ್ತೆ ಕಾದ. ನಾಲ್ಕಕ್ಕೆ ಮೊದಲ ಸೊಪ್ಪು ಹಾಕಿದೆವು. ಸುಕ್ಕುಗಟ್ಟಿದ ಹೊಸ ಚರ್ಮದ ಹುಳುಗಳು ಮೊದಲು ಎಲೆಯನ್ನು ತಡಕಿದವು, ಒಂದೊಂದೇ ಅಂಚು ಹಿಡಿದವು. ಸ್ವಲ್ಪ ಹೊತ್ತಿಗೆ ಮನೆಯ ತುಂಬ ಆ ಸದ್ದು.

"ಇನ್ನೆಷ್ಟು ದಿನ ತಿನ್ನುತ್ತವೆ ಮಾಮ?"

"ಏಳೆಂಟು ದಿನ. ಇಷ್ಟು ದಿನ ತಿಂದದ್ದೆಲ್ಲ ಲೆಕ್ಕಕ್ಕಿಲ್ಲ, ಹೊಟ್ಟೆ ತುಂಬ ತಿನ್ನುವುದು ಈಗಲೇ."

ಅವನು ಅಂಗಿಯ ತೋಳು ಮಡಚಿ, ಹೊರಗೆ ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿಟ್ಟಿದ್ದ ಸೊಪ್ಪಿನ ಕಂತೆಯನ್ನು ಎತ್ತಲು ಹೋದ.